ಭಾಗವತರ ಕೊರಳು, ಮೈಕಿನ ಕಿವಿ

ಕುಮಟಾ ತಾಲೂಕಿನ ಹೊಳನಗದ್ದೆಯ ಹೆಸರಿನಲ್ಲಿಯೇ ಗದ್ದೆಯಿದೆ. ಒಂದು ಕಡೆ ಕಡಲು, ಇನ್ನೊಂದು ಕಡೆ ಗುಡ್ಡ, ನಡುವೆ ಬತ್ತದ ಬಯಲು. ಕುಮಟೆ, ಹೊನ್ನಾವರ, ಭಟ್ಕಳಗಳ ಕರಾವಳಿಯುದ್ದಕ್ಕೂ ಕಾಣುವ ನೋಟವಿದು. ಕೊಯ್ಲು ಮುಗಿದು ಗದ್ದೆ ಒಣಗಿತೆಂದರೆ ಇಂಥ ಬಯಲುಗಳಲ್ಲಿ ಆಟದ ರಂಗಸ್ಥಳ ಏಳುತ್ತಿತ್ತು. ನಾಲ್ಕು ಕಂಬ, ಮಾವಿನ ತೋರಣ, ದೊಂದಿಯ ಬೆಳಕು, ತರುವಾಯ ಗ್ಯಾಸ್‌ಲೈಟು. ಚಾಪೆ ಹಾಸಿಕೊಂಡು ಕುಳಿತ ನೂರಾರು ಜನರಲ್ಲಿ ಕಟ್ಟಕಡೆಯವನಿಗೂ ಭಾಗವತರ ಪದ ಕೇಳಬೇಕು, ವೇಷಧಾರಿಯ ಮಾತು ತಿಳಿಯಬೇಕು. ಸಹಾಯಕ್ಕೆ ಯಾವ ಯಂತ್ರವೂ ಇರಲಿಲ್ಲ. ಆಗ ಅದು ಹೇಗೆ ಕೇಳುತ್ತಿತ್ತು, ಯಂತ್ರ ಬಂದ ಮೇಲೆ ಏನಾಯಿತು ಎಂಬುದನ್ನು ನೋಡುವುದೇ ಇಲ್ಲಿಯ ಉದ್ದೇಶ. ನಾವು ಮೈಕು ಎಂದು ಒಂದೇ ಹೆಸರಿನಿಂದ ಕರೆಯುವ ವಸ್ತುವಿನಲ್ಲಿ ಐದಾರು ಜಾತಿಗಳಿವೆ. ಅವುಗಳ ಗುಣಾವಗುಣಗಳನ್ನು ಬಿಟ್ಟು ಯಕ್ಷಗಾನದ ಇತ್ತೀಚಿನ ಚರಿತ್ರೆಯನ್ನು ಹೇಳಹೊರಟರೆ ಅರ್ಧ ಮಾತ್ರ ಹೇಳಿದಂತಾಗುತ್ತದೆ.

ಮೊದಲು ಯಂತ್ರವಿಲ್ಲದ ಕಾಲದ ಮಾತು. ಮನುಷ್ಯನ ಕಿವಿ ಎಲ್ಲ ಸ್ವರಗಳಿಗೂ ಸಮನಾಗಿ ಓಗೊಡುವುದಿಲ್ಲ. ಸೆಕೆಂಡಿಗೆ ಎರಡು ಸಾವಿರದಿಂದ ನಾಲ್ಕು ಸಾವಿರ ಕಂಪನಗಳ ಸುಮಾರಿನಲ್ಲಿ ಅದು ಅತ್ಯಂತ ಚುರುಕು. ಏರುಶ್ರುತಿಯಲ್ಲಿ ಕೊರಳು ಬಿಗಿದು ಹಾಡಿದಾಗ ಧ್ವನಿಯ ಬಲ ಆ ಕಡೆಗೆ ಹೆಚ್ಚಾಗಿ ಸೇರುತ್ತದೆ. ಹಳೆಯ ಭಾಗವತರು ಅಷ್ಟು ಎತ್ತರದ ಶ್ರುತಿಯನ್ನು ಹಿಡಿಯುತ್ತಿದ್ದುದಕ್ಕೆ ಶೋಕಿ ಕಾರಣವಲ್ಲ. ಚಂಡೆಯ ಪೆಟ್ಟಿನ ಮೇಲೆ ತೇಲಿ ಪದ ಬಯಲಿನ ಅಂಚನ್ನು ಮುಟ್ಟಬೇಕಾದರೆ ಬೇರೆ ದಾರಿಯೇ ಇರಲಿಲ್ಲ. ರಾತ್ರಿಯೂ ಅವರಿಗೆ ನೆರವಾಗುತ್ತಿತ್ತು. ಹೊತ್ತು ಮುಳುಗಿದ ಮೇಲೆ ನೆಲದ ಮೇಲಣ ಗಾಳಿ ಬೇಗ ತಣಿಯುತ್ತದೆ, ಮೇಲಿನ ಗಾಳಿ ಬೆಚ್ಚಗೇ ಉಳಿಯುತ್ತದೆ. ಬೆಚ್ಚನೆಯ ಗಾಳಿಯಲ್ಲಿ ಶಬ್ದದ ವೇಗ ಹೆಚ್ಚು. ಆದುದರಿಂದ ಮೇಲೇರಿದ ಧ್ವನಿ ಬಾಗಿ ಮತ್ತೆ ನೆಲಕ್ಕೇ ಇಳಿಯುತ್ತದೆ. ಹಗಲಿನಲ್ಲಿ ಆಚೆ ಕೇರಿಗೂ ಕೇಳದ ಚಂಡೆ ಇರುಳಿನಲ್ಲಿ ಹೊಳೆಯಾಚೆಯ ಊರಿಗೆ ಕೇಳುವುದರ ಗುಟ್ಟು ಇಷ್ಟೆ. ಆಟಕ್ಕೆ ರಾತ್ರಿಯನ್ನು ಆರಿಸಿದ ಹಿರಿಯರು ಭೌತಶಾಸ್ತ್ರವನ್ನು ಓದಿರಲಿಲ್ಲ, ನಿಜ. ಓದಿದ್ದರೂ ಬೇರೆ ಹೊತ್ತನ್ನು ಆರಿಸುತ್ತಿರಲಿಲ್ಲವೆಂದು ತೋರುತ್ತದೆ.

ಮೈಕಿಲ್ಲದೆ ಧ್ವನಿಯನ್ನು ಹಿಡಿದಿಡುವ ಸಾಹಸವೂ ಒಂದು ಕಾಲಕ್ಕೆ ನಡೆದಿತ್ತು. 1902ರಲ್ಲಿ ಕಲಕತ್ತೆಯಲ್ಲಿ ಗೌಹರ್ ಜಾನ್ ತಟ್ಟೆಗಳಿಗೆ ಹಾಡಿದಾಗ ಆಕೆಯ ಮುಂದಿದ್ದುದು ಒಂದು ದೊಡ್ಡ ಕೊಂಬು, ಅದರ ತುದಿಯಲ್ಲಿ ಮೇಣದ ತಟ್ಟೆಯನ್ನು ಕೊರೆಯುವ ಸೂಜಿ. ವಿದ್ಯುತ್ತಿನ ಸೋಂಕೇ ಇಲ್ಲ. ಸೂಜಿಯನ್ನು ಆಡಿಸಲು ಹಾಡುವವಳ ಉಸಿರಿನ ಬಲವೊಂದೇ ಸಾಧನ. 1925ರಲ್ಲಿ ವಿದ್ಯುತ್ ಮುದ್ರಣ ಬರುವವರೆಗೂ ಗಟ್ಟಿ ಗಂಟಲಿನವರಿಗೇ ತಟ್ಟೆಗಳಲ್ಲಿ ಮನ್ನಣೆ. ಗೌಹರ್ ಜಾನ್ ಕಡೆಯ ದಿನಗಳನ್ನು ಕಳೆದದ್ದು ನಮ್ಮ ಮೈಸೂರಿನಲ್ಲಿ. 1930ರ ಜನವರಿಯಲ್ಲಿ ಅಲ್ಲಿಯೇ ತೀರಿಕೊಂಡರು. ಬಯಲಿನ ಭಾಗವತರಿಗೂ ಕೊಂಬಿನ ಮುಂದೆ ನಿಂತ ಆ ಗಾಯಕಿಗೂ ಶತ್ರು ಒಂದೇ ಆಗಿತ್ತು: ದೂರ.

ದೂರವನ್ನು ಗೆದ್ದ ಮೊದಲ ಸಾಧನ ಇದ್ದಲು. 1877-78ರ ಸುಮಾರಿಗೆ ಅಮೆರಿಕದಲ್ಲಿ ಎಡಿಸನ್ ಮತ್ತು ಬರ್ಲಿನರ್, ಇಂಗ್ಲೆಂಡಿನಲ್ಲಿ ಹ್ಯೂಸ್ ಇದರ ಹಿಂದೆ ಬಿದ್ದಿದ್ದರು. ಒಂದು ತೆಳು ತಗಡು, ಅದರ ಹಿಂದೆ ಇದ್ದಲಿನ ಕಣಗಳು, ಅವುಗಳ ಮೂಲಕ ಹರಿಯುವ ಬ್ಯಾಟರಿಯ ವಿದ್ಯುತ್ತು. ಮಾತಿನ ಒತ್ತಡಕ್ಕೆ ತಗಡು ಒಳಕ್ಕೆ ಸರಿದರೆ ಕಣಗಳು ಒಂದಕ್ಕೊಂದು ಒತ್ತಿಕೊಂಡು ವಿದ್ಯುತ್ತು ಹೆಚ್ಚು ಹರಿಯುತ್ತದೆ, ಸಡಿಲಿದರೆ ಕಡಿಮೆ. ಇಲ್ಲಿ ಮಾತು ವಿದ್ಯುತ್ತನ್ನು ಹುಟ್ಟಿಸುವುದಿಲ್ಲ, ಇರುವ ವಿದ್ಯುತ್ತನ್ನು ಆಳುತ್ತದೆ. ಆದುದರಿಂದಲೇ ಧ್ವನಿಯನ್ನು ಹಿಗ್ಗಿಸುವ ಉಪಕರಣಗಳು ಹುಟ್ಟುವ ಮೊದಲೇ ಟೆಲಿಫೋನು ಊರಿಂದೂರಿಗೆ ಮಾತಾಡಿತು. 1919ರ ಸೆಪ್ಟೆಂಬರಿನಲ್ಲಿ ಅಮೆರಿಕದ ಅಧ್ಯಕ್ಷ ವಿಲ್ಸನ್ನರು ಸ್ಯಾನ್ ಡಿಯಾಗೋದಲ್ಲಿ ಸುಮಾರು ಐವತ್ತು ಸಾವಿರ ಜನರ ಮುಂದೆ ಧ್ವನಿವರ್ಧಕದ ಮೂಲಕ ಭಾಷಣ ಮಾಡಿದ್ದು ಈ ವಿದ್ಯೆಯ ಇತಿಹಾಸದಲ್ಲಿ ಹೆಸರಾದ ಘಟನೆ. ಆದರೆ ಇದ್ದಲಿನ ಮೈಕಿಗೆ ಸಂಗೀತದ ಕಿವಿಯಿಲ್ಲ. ಸದಾ ಸುಂಯ್ ಎನ್ನುತ್ತದೆ. ಕಣಗಳು ಕಟ್ಟಿಕೊಂಡರೆ ತಟ್ಟಿ ಎಬ್ಬಿಸಬೇಕು. ಹಳೆಯ ಟೆಲಿಫೋನಿನಲ್ಲಿ ಕೇಳುತ್ತಿದ್ದ ಆ ಮೂಗುಧ್ವನಿಗೆ ಇದರದೂ ಪಾಲುಂಟು.

1916ರಲ್ಲಿ ಅಮೆರಿಕದ ವೆಂಟ್ ಎಂಬಾತನು ಕಂಡೆನ್ಸರ್ ಮೈಕನ್ನು ಮಾಡಿದನು. ಬಿಗಿದು ಕಟ್ಟಿದ ತೆಳುಪೊರೆ, ಅದರ ಹಿಂದೆ ಕೂದಲೆಳೆಯಷ್ಟು ಅಂತರದಲ್ಲಿ ಒಂದು ಲೋಹದ ತಟ್ಟೆ, ಎರಡರ ನಡುವೆ ವಿದ್ಯುತ್ತಿನ ಬಿಗುಪು. ಪೊರೆ ಅಲುಗಿದಂತೆ ಆ ಬಿಗುಪು ಏರಿಳಿಯುತ್ತದೆ. ಪೊರೆ ಬಹಳ ಹಗುರವಾದ್ದರಿಂದ ಉಸಿರೆಳೆತವೂ ತುಟಿಯ ಸಪ್ಪಳವೂ ಇದಕ್ಕೆ ಕೇಳುತ್ತದೆ. 1928ರಲ್ಲಿ ಜರ್ಮನಿಯ ನ್ಯೂಮನ್ ಮಾರಾಟಕ್ಕೆ ತಂದ ಸೀಸೆಯಾಕಾರದ ಮೈಕು ಇದೇ ಜಾತಿಯದು. ನಿರ್ಮಲತೆಯಲ್ಲಿ ಇದಕ್ಕೆ ಸಾಟಿಯಿಲ್ಲ. ಆದರೆ ಇದು ಅರಮನೆಯ ಹಕ್ಕಿ. ಹೊರಗಿನಿಂದ ವಿದ್ಯುತ್ತು ಬೇಕು, ತೇವ ಸೇರಿದರೆ ಚಟಪಟ ಎನ್ನುತ್ತದೆ. ನಮ್ಮ ಕಡಲತಡಿಯ ಇಬ್ಬನಿಗೆ ಇದನ್ನು ಒಡ್ಡುವ ಧೈರ್ಯ ಯಾರಿಗೂ ಇರಲಿಲ್ಲ.

ಬಾನುಲಿಯವರು ಮೆಚ್ಚಿದ್ದು ರಿಬ್ಬನ್ ಮೈಕನ್ನು. 1924ರಲ್ಲಿ ಜರ್ಮನಿಯಲ್ಲಿ ಷಾಟ್ಕಿ ಮತ್ತು ಗೆರ್ಲಾಕ್ ಇದನ್ನು ಕಲ್ಪಿಸಿದರು. 1930ರ ದಶಕದಲ್ಲಿ ಅಮೆರಿಕದ ಆಲ್ಸನ್ ಇದನ್ನು ಬಳಕೆಗೆ ಒಗ್ಗಿಸಿದನು. ಬಲವಾದ ಅಯಸ್ಕಾಂತದ ಎರಡು ದವಡೆಗಳ ನಡುವೆ, ಕೂದಲಿನ ದಪ್ಪದಲ್ಲಿ ಇಪ್ಪತ್ತರ ಒಂದು ಪಾಲಿನಷ್ಟೂ ಇಲ್ಲದ ಅಲ್ಯುಮಿನಿಯಂ ಪಟ್ಟಿ. ಇದು ಮುಂದೆಯೂ ಕೇಳುತ್ತದೆ, ಹಿಂದೆಯೂ ಕೇಳುತ್ತದೆ. ಪಕ್ಕದಲ್ಲಿ ಮಾತ್ರ ಕಿವುಡು. ಬಾನುಲಿ ನಾಟಕದ ನಟರಿಗೆ ಇದೊಂದು ವರ. ಇಬ್ಬರು ಎದುರುಬದುರಾಗಿ ನಿಂತು ಒಂದೇ ಮೈಕಿಗೆ ಸಂಭಾಷಿಸಬಹುದು. ಪಾತ್ರ ದೂರ ಹೋಗಬೇಕಾದರೆ ಎರಡು ಹೆಜ್ಜೆ ಪಕ್ಕಕ್ಕೆ ಸರಿದರೆ ಸಾಕು. ಹತ್ತಿರ ಬಂದು ಮಾತಾಡಿದರೆ ಧ್ವನಿ ತುಂಬಿಕೊಂಡು ಗಂಭೀರವಾಗುತ್ತದೆ. ಕನ್ನಡ ನಾಡಿನಲ್ಲಿ ಬಾನುಲಿ ಮೊದಲಾದದ್ದು 1935ರಲ್ಲಿ, ಮೈಸೂರಿನಲ್ಲಿ, ಪ್ರೊಫೆಸರ್ ಎಂ. ವಿ. ಗೋಪಾಲಸ್ವಾಮಿಯವರ ಸ್ವಂತ ಮನೆಯಲ್ಲಿ. ಆಕಾಶವಾಣಿ ಎಂಬ ಹೆಸರು ಕೂಡ ಅಲ್ಲಿಂದಲೇ ದೇಶಕ್ಕೆಲ್ಲ ಹೋಯಿತು. ಆಗ ಮುಂಬಯಿ ಪ್ರಾಂತಕ್ಕೆ ಸೇರಿದ್ದ ನಮ್ಮ ಜಿಲ್ಲೆಗೆ ಹತ್ತಿರದ ಕನ್ನಡ ನಿಲಯ ದೊರೆತದ್ದು 1950ರ ಜನವರಿಯಲ್ಲಿ, ಧಾರವಾಡದಲ್ಲಿ. ನಿಲಯದ ಗೋಡೆಗಳೊಳಗೆ ರಿಬ್ಬನ್ ಸುಖಿ. ಬಯಲಿಗೆ ತಂದರೆ ಕಡಲಗಾಳಿಯ ಒಂದು ಬೀಸಿಗೆ ಪಟ್ಟಿ ಹಿಂಜಿಹೋದೀತು.

ಅಗ್ಗದ ಮೈಕು ಬೇಕೆನ್ನುವವರಿಗೆ ಸ್ಫಟಿಕದ ಮೈಕು ಒಂದಿತ್ತು. ರೋಷೆಲ್ ಉಪ್ಪೆಂಬ ಒಂದು ಲವಣದ ಹರಳನ್ನು ಹಿಸುಕಿದರೆ ವಿದ್ಯುತ್ತು ಒಸರುತ್ತದೆ. ಹಿಸುಕುವ ಕೆಲಸವನ್ನು ಧ್ವನಿಗೆ ವಹಿಸಿದರೆ ಮೈಕಾಯಿತು! ಬ್ಯಾಟರಿ ಬೇಡ, ಬೆಲೆಯೂ ಕಡಿಮೆ. ಆದರೆ ಉಪ್ಪು ಉಪ್ಪೇ. ಕುಮಟಾ ತಾಲೂಕಿನ ಸಾಣಿಕಟ್ಟೆಯ ಆಗರಗಳನ್ನು ಬಲ್ಲವರಿಗೆ ಮಳೆಗಾಲದಲ್ಲಿ ಉಪ್ಪಿನ ಪಾಡೇನೆಂದು ಬಿಡಿಸಿ ಹೇಳಬೇಕಾಗಿಲ್ಲ. ಈ ಹರಳೂ ತೇವಕ್ಕೆ ಕರಗುತ್ತದೆ. ಬಿಸಿಲಿಗಿಟ್ಟ ಪೆಟ್ಟಿಗೆಯೊಳಗೆ ಕಾವು 55 ಡಿಗ್ರಿಗೆ ಏರಿದರೆ ಅದರ ಕಥೆ ಮುಗಿದಂತೆ. ಕರಾವಳಿಗೆ ಹೇಳಿ ಮಾಡಿಸಿದ ವಸ್ತುವಲ್ಲ.

ಉಳಿದದ್ದು ಡೈನಾಮಿಕ್ ಮೈಕು, ಎಂದರೆ ಚಲಿಸುವ ಸುರುಳಿಯದು. ತೆಳು ಪೊರೆಗೆ ಅಂಟಿಸಿದ ತಂತಿಸುರುಳಿ ಅಯಸ್ಕಾಂತದ ನಡುವೆ ಓಲಾಡುತ್ತದೆ. ಫ್ಯಾರಡೆ 1831ರಲ್ಲಿ ಕಂಡ ನಿಯಮದಂತೆ ಸುರುಳಿಯಲ್ಲಿ ವಿದ್ಯುತ್ತು ಹುಟ್ಟುತ್ತದೆ. 1931ರಲ್ಲಿ ಅಮೆರಿಕದಲ್ಲಿ ಇದು ಸಿದ್ಧವಾಯಿತು, ಇಲ್ಲಿಯೂ ಕೆಲಸ ಮಾಡಿದವನು ಅದೇ ವೆಂಟ್. ಸುರುಳಿಯ ಭಾರದಿಂದಾಗಿ ಕಂಡೆನ್ಸರಿನ ನಾಜೂಕು ಇದಕ್ಕಿಲ್ಲ. ಆದರೆ ಬೀಳಲಿ, ನೆನೆಯಲಿ, ಚಂಡೆಯ ಪಕ್ಕದಲ್ಲಿ ನಿಲ್ಲಲಿ, ಇದು ಮಾತಾಡುವುದನ್ನು ಬಿಡುವುದಿಲ್ಲ. ಗುಣದಲ್ಲಿ ಎರಡನೆಯದಾದರೂ ಬಾಳಿಕೆಯಲ್ಲಿ ಇದೇ ಮೊದಲು. ನನ್ನ ಮಟ್ಟಿಗೆ ಬಯಲಾಟದ ಮೈಕೆಂದರೆ ಇದೇ.

ಗಾಂಧಿ, ನೆಹರೂ ಮೊದಲಾದವರ ಸಭೆಗಳ ಹಳೆಯ ಚಿತ್ರಗಳಲ್ಲಿ ಮೈಕಿನ ಮೇಲೆ ಚಿಕಾಗೋ ರೇಡಿಯೋ ಎಂಬ ಫಲಕವನ್ನು ವಾಚಕರು ಕಂಡಿರಬಹುದು. ಹೆಸರು ಅಮೆರಿಕದ್ದಾದರೂ ಅದು ಮೋಟ್ವಾನಿ ಮನೆತನದ ಭಾರತೀಯ ಸಂಸ್ಥೆ. ರಾಜಕೀಯ ಸಭೆಯ ಬೆನ್ನಿಗೇ ಮೈಕು ಜಾತ್ರೆಗೆ, ಮದುವೆಗೆ, ಕಡೆಗೆ ಆಟಕ್ಕೆ ಬಂತು. ಹೊನ್ನಾವರ ತಾಲೂಕಿನ ಕೆರೆಮನೆ ಶಿವರಾಮ ಹೆಗಡೆಯವರು ಇಡಗುಂಜಿ ಮೇಳವನ್ನು ಕಟ್ಟಿದ್ದು 1934ರಲ್ಲಿ. ಮೊದಲ ಕನ್ನಡ ವಾಕ್ಚಿತ್ರ ಸತಿ ಸುಲೋಚನಾ ತೆರೆಕಂಡದ್ದೂ ಅದೇ ವರ್ಷ. ಒಂದು ಕಲೆ ಮೈಕಿನಿಂದಲೇ ಹುಟ್ಟಿತು. ಇನ್ನೊಂದು ಮೈಕನ್ನು ನಡುಪ್ರಾಯದಲ್ಲಿ ಎದುರುಗೊಂಡಿತು.

ಎದುರುಗೊಂಡಾಗ ಮೊದಲು ಕಂಗೆಟ್ಟವರು ವೇಷಧಾರಿಗಳು. ಬಾಯಿಗೂ ಮೈಕಿಗೂ ನಡುವಣ ಅಂತರ ಎರಡರಷ್ಟಾದರೆ ಅದಕ್ಕೆ ಸಿಕ್ಕುವ ಧ್ವನಿಯ ಬಲ ಕಾಲುಭಾಗಕ್ಕೆ ಇಳಿಯುತ್ತದೆ. ನಾಲ್ಕರಷ್ಟಾದರೆ ಹದಿನಾರರಲ್ಲಿ ಒಂದು ಪಾಲು. ರಂಗಸ್ಥಳವನ್ನೆಲ್ಲ ಸುತ್ತಿ ಕುಣಿಯುತ್ತ ಮಾತಾಡುತ್ತಿದ್ದ ಅರ್ಜುನನ ಒಂದು ಮಾತು ಗುಡುಗಿದರೆ ಮುಂದಿನ ಮಾತು ಮಾಯವಾಯಿತು. ಹೀಗಾಗಿ ಮಾತಿನ ಹೊತ್ತಿಗೆ ಮುಂದೆ ಬಂದು ಮೈಕಿನೆದುರು ನಿಲ್ಲುವುದು ರೂಢಿಯಾಯಿತು. ಚಕ್ರದಂತೆ ತಿರುಗುತ್ತಿದ್ದ ಆಟ ಒಂದು ಗೂಟಕ್ಕೆ ಕಟ್ಟಿದ ಕರುವಾಯಿತೆಂದು ಹಳಬರು ಗೊಣಗಿದರೆ ಅದನ್ನು ಸುಳ್ಳೆನ್ನಲಾಗದು. ಇನ್ನು ಧ್ವನಿವರ್ಧಕದ ಧ್ವನಿಯೇ ಮರಳಿ ಮೈಕನ್ನು ಹೊಕ್ಕು, ಮತ್ತೆ ಹೊರಬಂದು, ಮತ್ತೆ ಹೊಕ್ಕು ಕೂಯ್ ಎಂದು ಕಿರಿಚುವ ಪೀಡೆ ಬೇರೆ. ಮುಂದೆ ಮಾತ್ರ ಕೇಳಿ ಹಿಂದೆ ಕಿವುಡಾಗುವ ಹೃದಯಾಕಾರದ ಗ್ರಹಣವುಳ್ಳ ಡೈನಾಮಿಕ್ ಮೈಕನ್ನು 1939ರಲ್ಲಿ ಶೂರ್ ಕಂಪನಿಯವರು ತಂದದ್ದು ಈ ಪೀಡೆಗೆ ಮದ್ದು. ಹಿಮ್ಮೇಳದ ಬೆನ್ನಿಗೇ ಕೊಂಬು ಕಟ್ಟುವವರು ಇರುವವರೆಗೆ ಆ ಮದ್ದೂ ಪೂರ್ತಿ ನಾಟುವುದಿಲ್ಲ.

ಭಾಗವತರ ವಿಷಯದಲ್ಲಿ ಲಾಭನಷ್ಟಗಳ ಲೆಕ್ಕ ಇಷ್ಟು ಸುಲಭವಲ್ಲ. ಮೈಕು ಬಂದ ಮೇಲೆ ಏರುಶ್ರುತಿ ಅನಿವಾರ್ಯವಾಗಿ ಉಳಿಯಲಿಲ್ಲ. ಕೆಳಗಿನ ಸ್ಥಾಯಿಯ ಗಮಕ, ಮೆಲ್ಲನೆಯ ಆಲಾಪ, ಶಬ್ದದ ಅಂಚಿನ ಕಂಪನ, ಇವೆಲ್ಲ ಹಿಂದೆ ಮುಂಬದಿಯ ಎರಡು ಸಾಲಿಗೆ ಮಾತ್ರ ದಕ್ಕುತ್ತಿದ್ದ ಸೂಕ್ಷ್ಮಗಳು. ಈಗ ಬಯಲಿಗೆಲ್ಲ ದಕ್ಕಿದವು. ಬಡಗುತಿಟ್ಟಿನ ಕಾಳಿಂಗ ನಾವಡರು (1958-1990) ತಮ್ಮ ಕಿರಿದಾದ ಬಾಳಿನಲ್ಲಿ ಪದಕ್ಕೆ ತಂದ ರಾಗದ ಬೆಡಗು ಮೈಕಿಲ್ಲದ ಬಯಲಿನಲ್ಲಿ ಅಷ್ಟು ಜನರ ಎದೆಗೆ ಇಳಿಯುತ್ತಿತ್ತೇ? ನನಗೆ ಅನುಮಾನ. ಇತ್ತ ತೆಂಕಿನಲ್ಲಿ, ಮೈಕಿನ ಹಂಗಿಲ್ಲದೆ ಎತ್ತರದ ಶ್ರುತಿಯಲ್ಲಿ ಹಾಡಬಲ್ಲವರೆಂದು ಹೆಸರಾದ ಬಲಿಪ ನಾರಾಯಣ ಭಾಗವತರು 2023ರಲ್ಲಿ ತೀರಿಕೊಂಡಾಗ ಒಂದು ಕಂಠದ ಜೊತೆಗೆ ಬಯಲೇ ರೂಪಿಸಿದ ಒಂದು ಗಾನಕ್ರಮವೂ ದೂರ ಸರಿದಂತಾಯಿತು. ತಾಳಮದ್ದಲೆಗಂತೂ ಮೈಕು ಬರಿಯ ಉಪಕಾರವನ್ನೇ ಮಾಡಿದೆ. ಕುಳಿತಲ್ಲೇ ಕುಳಿತು ಅರ್ಥ ಹೇಳುವವರಿಗೆ ಅಂತರದ ಕಾಟವಿಲ್ಲ. ಶೇಣಿ ಗೋಪಾಲಕೃಷ್ಣ ಭಟ್ಟರಂಥವರ ವ್ಯಂಗ್ಯದ ಒಂದು ಪಿಸುಮಾತು ಸಭೆಯ ಕೊನೆಗೆ ತಲುಪಿದ್ದು ಆ ಸುರುಳಿಯ ಪುಣ್ಯ.

1962ರಲ್ಲಿ ಬೆಲ್ ಪ್ರಯೋಗಶಾಲೆಯ ಸೆಸ್ಲರ್ ಮತ್ತು ವೆಸ್ಟ್ ಒಂದು ಪ್ಲಾಸ್ಟಿಕ್ ಪೊರೆಗೆ ವಿದ್ಯುತ್ತನ್ನು ಕಾಯಂ ಆಗಿ ತುಂಬಿ ಎಲೆಕ್ಟ್ರೆಟ್ ಮೈಕನ್ನು ಮಾಡಿದರು. ಕಂಡೆನ್ಸರಿನ ನಯ, ಕಡಲೆಕಾಳಿನ ಗಾತ್ರ, ಪುಡಿಗಾಸಿನ ಬೆಲೆ. ಅಂಗಿಯ ಕಾಲರಿಗೆ ಸಿಕ್ಕಿಸುವುದು ಸಾಮಾನ್ಯವಾಗಿ ಇದನ್ನೇ. ಮೊಬೈಲಿನಲ್ಲಿರುವುದು ಇದರ ಇನ್ನೂ ಸಣ್ಣ ತಮ್ಮ. ವೇಷಧಾರಿಗೆ ಇದನ್ನು ತೊಡಿಸಿದರೆ ಗೂಟದಿಂದ ಬಿಡುಗಡೆಯಾಗಬಹುದು. ಎದೆಗಟ್ಟು, ಗೆಜ್ಜೆ, ಸರಗಳ ಕಿಲಕಿಲವೂ ಏದುಸಿರೂ ಮಾತಿನ ಜೊತೆಗೆ ಬರುವುದನ್ನು ಸಹಿಸಬೇಕು, ಅಷ್ಟೆ.

ಇಷ್ಟೆಲ್ಲ ಆದ ಮೇಲೆ ಮೈಕು ಆಟದ ಹೊತ್ತನ್ನೇ ಹಿಡಿದುಕೊಂಡಿತು. 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ರಾತ್ರಿ 10ರಿಂದ ಬೆಳಗಿನ 6ರವರೆಗೆ ಬಯಲಿನಲ್ಲಿ ಧ್ವನಿವರ್ಧಕ ಸಲ್ಲದು. ಸರ್ಕಾರ ಮನಸ್ಸು ಮಾಡಿದರೆ ವರ್ಷದಲ್ಲಿ 15 ದಿನ ಮೀರದಂತೆ ನಡುರಾತ್ರಿಯವರೆಗೆ ವಿನಾಯಿತಿ ಕೊಡಬಹುದು. ಬೆಳಗಿನ ಮಂಗಳದವರೆಗೆ ನಡೆಯುತ್ತಿದ್ದ ಆಟಗಳು ಕಾಲಮಿತಿಗೆ ಇಳಿಯಲು ಬೇರೆ ಕಾರಣಗಳೂ ಇದ್ದವು: ನೌಕರಿ, ಶಾಲೆ, ಮನೆಮನೆಯ ಟಿ.ವಿ. ಆದರೂ 2022ರಲ್ಲಿ ಕಟೀಲು ಮೇಳಗಳು ಕಾಲಮಿತಿಗೆ ಹೊಂದಿಕೊಳ್ಳಬೇಕಾಗಿ ಬಂದಾಗ ಎದ್ದ ಚರ್ಚೆಯ ನಡುವೆ ಇದ್ದುದು ಧ್ವನಿವರ್ಧಕವೇ. ಹಾಗಾದರೆ ಮೈಕನ್ನು ಬಿಚ್ಚಿಟ್ಟು, ಹಳೆಯ ಶ್ರುತಿಗೆ ಮರಳಿ, ಹೊಳನಗದ್ದೆಯಂಥ ಬಯಲಿನಲ್ಲಿ ಇಡೀ ರಾತ್ರಿ ಆಡಬಹುದಲ್ಲ ಎಂದು ಯಾರಾದರೂ ಕೇಳಬಹುದು. 2010ರಲ್ಲಿ ಆ ನಿಯಮಕ್ಕೆ ತಿದ್ದುಪಡಿಯಾಗಿ ವಾದ್ಯಗಳನ್ನೂ ಅದರಲ್ಲಿ ಸೇರಿಸಿದ್ದಾರೆ. ಮೈಕು ಇರಲಿ, ಬಿಡಲಿ, ಹತ್ತು ಗಂಟೆಯ ಮೇಲೆ ಚಂಡೆಗೂ ಅಪ್ಪಣೆ ಬೇಕು.