ಒತ್ತಕ್ಷರದ ಒಗಟು: ಕಲ್ಲಚ್ಚಿನಿಂದ ಕಂಪ್ಯೂಟರಿನವರೆಗೆ

ಅಕ್ಷರ ವಿನ್ಯಾಸ ಕಲಿಯಲು ಗುರುವಿನ ಎದುರೇ ಕೂರಬೇಕೆಂಬ ಕಾಲ ಇದಲ್ಲ. 2005ರಲ್ಲಿ ಯೂಟ್ಯೂಬ್ ಆರಂಭವಾದ ಮೇಲೆ ಗ್ರಾಫಿಕ್ ಡಿಸೈನಿನ ಪಾಠಗಳು ಮನೆಯ ಕಂಪ್ಯೂಟರಿಗೇ ಬಂದಿವೆ. ಆದರೆ ಅವುಗಳಲ್ಲಿ ಹೆಚ್ಚಿನವು ಇಂಗ್ಲಿಷ್ ಅಕ್ಷರಗಳನ್ನು ಆಧರಿಸಿದವು. ಅಲ್ಲಿ ಪಳಗಿದ ಕೈ ಕನ್ನಡದ ಮದುವೆ ಕರೆಯೋಲೆಗೆ ಇಳಿದಾಗ ‘ಲಕ್ಷ್ಮೀ’ಯ ಮುಂದೆ ತಡವರಿಸುತ್ತದೆ. ‘ಕ’ಕಾರಕ್ಕೆ ‘ಷ’ ಒತ್ತು, ಅದರ ಜೊತೆಗೆ ‘ಮ’ ಒತ್ತು, ಮೇಲೊಂದು ಗುಡಿಸು, ಬದಿಗೆ ದೀರ್ಘ. ಸಾಲುಗಳನ್ನು ಇಂಗ್ಲಿಷಿನಷ್ಟು ಹತ್ತಿರ ತಂದರೆ ಮೇಲಿನ ಒತ್ತು ಕೆಳಗಿನ ತಲೆಕಟ್ಟಿಗೆ ತಾಗುತ್ತದೆ. ದೊಡ್ಡಕ್ಷರ ಬಳಸಿ ಶೀರ್ಷಿಕೆಯನ್ನು ಎತ್ತಿ ತೋರಿಸುವ ಉಪಾಯವಂತೂ ಕನ್ನಡದಲ್ಲಿ ಇಲ್ಲವೇ ಇಲ್ಲ.

ಈ ತೊಡಕು ಹೊಸದೇನಲ್ಲ. ತಾಳೆಗರಿಯ ಮೇಲೆ ಕಂಟದಿಂದ ಕೊರೆಯುವ ಲಿಪಿಕಾರ ಒತ್ತಿಗೆ ಬೇಕಾದಷ್ಟು ಜಾಗ ಬಿಟ್ಟುಕೊಳ್ಳುತ್ತಿದ್ದ. ಅಚ್ಚುಮೊಳೆಗೆ ಆ ಸ್ವಾತಂತ್ರ್ಯವಿಲ್ಲ. ವಿಲಿಯಂ ಕೇರಿಯ ಕನ್ನಡ ವ್ಯಾಕರಣ 1817ರಲ್ಲಿ ಅಚ್ಚಾದದ್ದು ದೂರದ ಬಂಗಾಳದ ಸೆರಾಂಪುರದಲ್ಲಿ. ಅದಾಗಿ ಕಾಲು ಶತಮಾನ ಕಳೆದ ಮೇಲೆ, 1843ರ ಜುಲೈ 1ರಂದು, ಹರ್ಮನ್ ಮೋಗ್ಲಿಂಗ್ ಹೊರತಂದ ‘ಮಂಗಳೂರ ಸಮಾಚಾರ’ ಮೂಡಿದ್ದು ಮಾತ್ರ ಮೊಳೆಯಲ್ಲಲ್ಲ, ಕಲ್ಲಚ್ಚಿನಲ್ಲಿ. ಹೀಗಾಗಿ ಕನ್ನಡದ ಮೊದಲ ಪತ್ರಿಕೆಯ ಅಕ್ಷರಗಳು ಬರಹಗಾರನ ಕೈಬರಹವೇ. ಒತ್ತು ಎಷ್ಟು ಇಳಿದರೂ ಕಲ್ಲು ತಕರಾರು ಮಾಡುತ್ತಿರಲಿಲ್ಲ!

ಮುಂದೆ ಮೊಳೆಯೇ ಗೆದ್ದಿತು. ಗುಣಿತಾಕ್ಷರ, ಒತ್ತಕ್ಷರಗಳಿಗೆಲ್ಲ ಬೇರೆ ಬೇರೆ ಮೊಳೆ ಬೇಕಾದ್ದರಿಂದ ಮುದ್ರಣಾಲಯದ ಕೇಸುಗಳಲ್ಲಿ ನೂರಾರು ಮನೆಗಳಿರುತ್ತಿದ್ದವು. ಯಾವ ಮೊಳೆ ಎಲ್ಲಿದೆಯೆಂಬುದು ಕಂಪೋಸಿಟರನ ಬೆರಳಿಗೆ ಗೊತ್ತಿರುತ್ತಿತ್ತು.

ಆ ಬೆರಳಿನ ಕೆಲಸವನ್ನು ಕಂಪ್ಯೂಟರಿಗೆ ಒಪ್ಪಿಸಿದವರಲ್ಲಿ ಕೆ.ಪಿ. ರಾವ್ ಪ್ರಮುಖರು. ಅವರ ಕೀಲಿಮಣೆಯಲ್ಲಿ ವ್ಯಂಜನಗಳ ನಡುವೆ ‘ಎಫ್’ ಕೀಲಿ ಒತ್ತಿದರೆ ಸಾಕು, ಒತ್ತು ತಾನಾಗಿ ಸರಿಯಾದ ಜಾಗಕ್ಕೆ ಬಂದು ಕೂರುತ್ತದೆ. 1991ರಲ್ಲಿ ಯೂನಿಕೋಡಿನ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ ಸ್ಥಾನ ದೊರೆಯಿತು. ಇಷ್ಟಾದರೂ ಫೋಟೋಶಾಪಿನ ಹಳೆಯ ಆವೃತ್ತಿಗಳಲ್ಲಿ ಯೂನಿಕೋಡ್ ಕನ್ನಡ ಒಡೆದು ಚೂರಾಗುತ್ತಿತ್ತು. ಆಮೇಲಿನ ಕೆಲವು ಆವೃತ್ತಿಗಳಲ್ಲೂ ಭಾರತೀಯ ಲಿಪಿಗಳ ಆಯ್ಕೆಯನ್ನು ಗುರುತು ಮಾಡದಿದ್ದರೆ ಅದೇ ಪಾಡಾಗುತ್ತಿತ್ತು. ಅನೇಕ ವಿನ್ಯಾಸಕಾರರು ಹಳೆಯ ಫಾಂಟುಗಳನ್ನು ಬಿಡದಿರಲು ಇದೂ ಒಂದು ಕಾರಣ. ವಿನ್ಯಾಸಕ್ಕೆ ಅದು ಸಾಕಾದೀತು. ಆದರೆ ಆ ಬರಹವನ್ನು ಬೇರೆ ಕಂಪ್ಯೂಟರಿಗೆ ಒಯ್ದರೆ ಅಕ್ಷರಗಳ ಬದಲು ಅರ್ಥವಿಲ್ಲದ ಚಿಹ್ನೆಗಳು ಕಾಣಬಹುದು.

ಕಲಿಯುವವರಿಗೆ ಒಳ್ಳೆಯ ಪಾಠ ಸಿಗುವುದು ಬಹುಶಃ ಫಾಂಟುಗಳ ಒಳಗೇ. ಮುಂಬಯಿಯ ಏಕ್ ಟೈಪ್ ತಂಡದ ದುಂಡುದುಂಡಾದ ‘ಬಾಲೂ ತಮ್ಮ’ ಮುಕ್ತ ಪರವಾನಗಿಯಲ್ಲಿ ಉಚಿತವಾಗಿ ದೊರೆಯುತ್ತದೆ. ‘ಫಾಂಟ್‌ಫೋರ್ಜ್’ನಂಥ ಉಚಿತ ತಂತ್ರಾಂಶದಲ್ಲಿ ಅದನ್ನು ಬಿಚ್ಚಿ ನೋಡಬಹುದು, ತಿದ್ದಲೂಬಹುದು. ತೆರೆದೊಡನೆ ಪರದೆಯ ತುಂಬ ಸಾಲುಸಾಲು ಚೌಕಗಳು: ಒಂದರಲ್ಲಿ ಗುಡಿಸು ಕೂಡಿದ ‘ಕಿ’, ಇನ್ನೊಂದರಲ್ಲಿ ಬರಿಯ ‘ಮ’ ಒತ್ತು, ಹಳೆಯ ಮುದ್ರಣಾಲಯದ ಕೇಸನ್ನೇ ಎದುರಿಗೆ ತೆರೆದಿಟ್ಟಂತೆ.