ಬಾಡಿಗೆ ಮನೆ: ಕರಾರು ಪತ್ರ ಮತ್ತು ಬೆಂಕಿ ಸುರಕ್ಷತೆ

ಬಾಡಿಗೆ ಮನೆಗೆ ಹೋಗುವವರು ಅಡ್ವಾನ್ಸ್ ಮತ್ತು ಬಾಡಿಗೆಯ ಮೊತ್ತ ಮಾತ್ರ ನೋಡಿ ಕರಾರು ಪತ್ರಕ್ಕೆ ಸಹಿ ಹಾಕುವುದುಂಟು. ಬೆಂಕಿ ಅನಾಹುತವಾದರೆ ಹೊಣೆ ಯಾರದು ಎಂಬುದನ್ನೂ ಮೊದಲೇ ತಿಳಿದಿರಬೇಕು.

1882ರ ಆಸ್ತಿ ವರ್ಗಾವಣೆ ಕಾಯ್ದೆಯ 108ನೇ ಕಲಮಿನ ಪ್ರಕಾರ, ಬೆಂಕಿಯಿಂದ ಮನೆಯ ಮುಖ್ಯ ಭಾಗ ಪೂರ್ತಿ ನಾಶವಾದರೆ ಬಾಡಿಗೆದಾರರು ಕರಾರನ್ನು ರದ್ದುಪಡಿಸಬಹುದು. ಬೆಂಕಿ ಅವರ ತಪ್ಪಿನಿಂದಲೇ ಹತ್ತಿದ್ದರೆ ಈ ಹಕ್ಕಿಲ್ಲ. ಕರಾರಿನಲ್ಲಿ ಬೇರೆ ಷರತ್ತಿದ್ದರೆ ಅದೇ ಅನ್ವಯಿಸುತ್ತದೆ. ಆದ್ದರಿಂದ ಹಳೆಯ ವಯರಿಂಗ್ ದುರಸ್ತಿ ಯಾರ ಹೊಣೆ ಎಂದು ಸ್ಪಷ್ಟವಾಗಿ ಬರೆಸಿಕೊಳ್ಳಿ. ಒಂದು ವರ್ಷ ಮೀರಿದ ಅವಧಿಯ ಕರಾರನ್ನು ನೋಂದಣಿ ಮಾಡಿಸುವುದು ಕಡ್ಡಾಯ.

ಅಡುಗೆ ಅನಿಲ ಗಾಳಿಗಿಂತ ಭಾರ. ಸೋರಿದರೆ ನೆಲಮಟ್ಟದಲ್ಲಿ ನಿಲ್ಲುತ್ತದೆ. ಸ್ವಿಚ್ ಮುಟ್ಟಬೇಡಿ. ರೆಗ್ಯುಲೇಟರ್ ಬಂದ್ ಮಾಡಿ, ಬಾಗಿಲು ಕಿಟಕಿ ತೆರೆದು, ಹೊರಬಂದು 1906ಕ್ಕೆ ಫೋನ್ ಮಾಡಿ. ಬೆಂಕಿ ಹತ್ತಿದರೆ ಮೊದಲು ಮನೆಮಂದಿಯೆಲ್ಲ ಹೊರಬನ್ನಿ; ನಂತರ 101 ಅಥವಾ 112ಕ್ಕೆ ತಿಳಿಸಿ.