ಮಣಿಸರದ 28 ದಿನಗಳು

ರಾಮನಗರವೆಂದೊಡನೆ ನಿಮಗೆ ರೇಷ್ಮೆಗೂಡಿನ ಮಾರುಕಟ್ಟೆ ನೆನಪಾಗುವುದು. ಚನ್ನಪಟ್ಟಣವೆಂದರೆ ಅರಗಿನ ಬೊಂಬೆ, ಮಾಗಡಿಯೆಂದರೆ ಕೆಂಪೇಗೌಡ, ಕನಕಪುರವೆಂದರೆ ಅರ್ಕಾವತಿಯ ದಂಡೆ. ಈ ಸೀಮೆ ಒಮ್ಮೆ ಲೋಕದ ವೈದ್ಯರ ಕಣ್ಣು ಸೆಳೆದದ್ದು ಒಂದು ಮಣಿಸರದಿಂದ ಎಂಬುದನ್ನು ಬಲ್ಲವರು ವಿರಳ.

ಈ ವಿಚಾರದಲ್ಲಿ ಮೈಸೂರು ಸಂಸ್ಥಾನ ಹಿಂದುಳಿದುದಲ್ಲ. 1930ರಲ್ಲಿಯೇ ಸರ್ಕಾರಿ ಆಸ್ಪತ್ರೆಗಳಲ್ಲಿ ಸಂತಾನ ನಿಯಂತ್ರಣದ ಸಲಹೆ ಕೊಡಲು ಆಜ್ಞೆಯಾಗಿತ್ತು. ಸ್ವಾತಂತ್ರ್ಯ ಬಂದ ಮೇಲೆ, ಕೇಂದ್ರದ ಆರೋಗ್ಯ ಸಚಿವೆ ರಾಜಕುಮಾರಿ ಅಮೃತ ಕೌರ್ ಗಾಂಧೀಜಿಯ ಅನುಯಾಯಿ. ಸಂಯಮವೇ ಅವರಿಗೆ ಒಪ್ಪಿದ ಮಾರ್ಗ. ಆದುದರಿಂದ ವಿಶ್ವ ಆರೋಗ್ಯ ಸಂಸ್ಥೆಯ ನೆರವಿನಿಂದ, ಅಮೆರಿಕದ ವೈದ್ಯ ಅಬ್ರಹಾಂ ಸ್ಟೋನ್ ಅವರ ಸಲಹೆಯಂತೆ, 1952ರ ಸುಮಾರಿನಲ್ಲಿ ದಿನಗಣನೆಯ ಪದ್ಧತಿಯೊಂದನ್ನೇ ಪರೀಕ್ಷಿಸತೊಡಗಿದರು. ಆರಿಸಿದ ಸ್ಥಳಗಳು ಎರಡು: ದೆಹಲಿಯ ಲೋದಿ ಕಾಲೊನಿ, ನಮ್ಮ ರಾಮನಗರ.

ಅಕ್ಷರ ಬಾರದ ಹೆಂಗಸರಿಗೆ ಸ್ಟೋನರು ಮಣಿಸರ ಯೋಜಿಸಿದರು. ತಿಂಗಳಿಗೆ 28 ಮಣಿ, ದಿನಕ್ಕೊಂದನ್ನು ಸರಿಸಬೇಕು. ಹಸಿರು ಬಂದರೆ ಭಯವಿಲ್ಲ, ಕೆಂಪು ಬಂದರೆ ಗರ್ಭ ನಿಲ್ಲುವ ದಿನ. ಉಪಾಯವೇನೋ ಸೊಗಸು. ಆದರೆ ದೀಪವಿಲ್ಲದ ಮನೆಯಲ್ಲಿ ಇರುಳು ಬಣ್ಣ ಕಾಣುವುದೆಂತು? ಸರವನ್ನು ತಾಯಿತವೆಂದು ಭಾವಿಸಿ, ಮಣಿ ಸರಿಸಿದರೆ ಸಾಕು, ಬಸಿರಾಗದೆಂದು ನಂಬಿದವರೂ ಉಂಟೆಂದು ವರದಿಯಾಯಿತು. ಮೇಲಾಗಿ ಹೆಣ್ಣಿನ ಮೈ ಪಂಚಾಂಗವಲ್ಲ. ಮೊಲೆಯೂಡುವ ತಾಯಿಗೂ ಮುಟ್ಟು ಏರುಪೇರಾದವಳಿಗೂ ಈ ಲೆಕ್ಕ ಹೊಂದದು. ಪ್ರಯೋಗ ಫಲಿಸಲಿಲ್ಲ.

ನನಗೆ ತೋರುವಂತೆ, ಆ ಸರ ಕೇಳಿದ್ದು ಅರ್ಧ ಪ್ರಶ್ನೆ: ಗರ್ಭ ಯಾವಾಗ ನಿಂತೀತು? ನಿಲ್ಲುವ ಮೊದಲು ತಾಯಿಯ ಮೈ ಹೇಗಿರಬೇಕೆಂಬುದು ಉಳಿದರ್ಧ. ಆ ಅರ್ಧದ ಸುಳಿವು ನಮ್ಮ ದೇಶದಲ್ಲಿಯೇ ದೊರೆತಿತ್ತೆಂಬುದು ಸ್ವಾರಸ್ಯ. 1928ರಲ್ಲಿ ಮುಂಬಯಿಗೆ ಬಂದ ಲೂಸಿ ವಿಲ್ಸ್ ಎಂಬ ಆಂಗ್ಲ ವೈದ್ಯೆ, ಗಿರಣಿ ಕೆಲಸದ ಬಸುರಿಯರ ರಕ್ತಹೀನತೆ ಯೀಸ್ಟಿನ ಸಾರದಿಂದ ವಾಸಿಯಾಗುವುದನ್ನು ಕಂಡುಕೊಂಡರು. ಅದರೊಳಗಿನ ಸತ್ತ್ವಕ್ಕೆ 1941ರಲ್ಲಿ ಫೋಲಿಕ್ ಆಮ್ಲವೆಂಬ ಹೆಸರಾಯಿತು. ಸೊಪ್ಪಿನಿಂದ ತೆಗೆದುದರಿಂದ ಎಲೆ ಎಂಬರ್ಥದ ಲ್ಯಾಟಿನ್ ಪದವೇ ಅದಕ್ಕೆ ಮೂಲ. 1991ರಲ್ಲಿ ಪ್ರಕಟವಾದ ಬ್ರಿಟನ್ನಿನ ಪ್ರಯೋಗ, ಗರ್ಭಕ್ಕೆ ಮುಂಚಿನಿಂದಲೇ ಇದನ್ನು ಸೇವಿಸಿದರೆ, ಹಿಂದೊಮ್ಮೆ ಬೆನ್ನುಹುರಿಯ ದೋಷದ ಮಗು ಹೆತ್ತವರಲ್ಲಿ ಆ ದೋಷ ಮರುಕಳಿಸುವುದು ಸುಮಾರು ಮುಕ್ಕಾಲು ಪಾಲು ತಗ್ಗುವುದೆಂದು ತೋರಿಸಿತು.

ಮುಂಚಿನಿಂದ ಏಕೆ? ಗರ್ಭ ಕಟ್ಟಿದ ಸುಮಾರು 28ನೆಯ ದಿನಕ್ಕೆ ಶಿಶುವಿನ ಮಿದುಳು, ಬೆನ್ನುಹುರಿಗಳ ನಾಳ ಮುಚ್ಚಿಕೊಳ್ಳುತ್ತದೆ. ಮುಟ್ಟು ನಿಂತಿತಲ್ಲಾ ಎಂದು ಅನುಮಾನ ಬಂದು, ಅತ್ತೆಗೆ ತಿಳಿಸಿ, ಆಸ್ಪತ್ರೆಗೆ ಹೋಗುವಷ್ಟರಲ್ಲಿ ಆ ಕೆಲಸ ಮುಗಿದೇ ಹೋಗಿರಬಹುದು. ಸರದ ಮಣಿಗಳೂ 28 ಆದದ್ದು ಕಾಕತಾಳೀಯ.

2007ರಲ್ಲಿ ಈ ನಾಲ್ಕು ತಾಲ್ಲೂಕುಗಳು ಸೇರಿ ಜಿಲ್ಲೆಯಾದವು. 2025ರಲ್ಲಿ ಅದಕ್ಕೆ ಬೆಂಗಳೂರು ದಕ್ಷಿಣವೆಂದು ಹೆಸರಾಯಿತು. ಹೆಸರೇನೇ ಇರಲಿ, ಇಲ್ಲಿನ ಹೊಲಗಳ ರಾಗಿ, ಅವರೆ, ಹುರುಳಿ, ಬೇಲಿಯ ನುಗ್ಗೆಸೊಪ್ಪು ಇಂದಿಗೂ ಒಳ್ಳೆಯ ಆಹಾರವೇ. ಆದರೂ ಮಗು ಬೇಕೆಂದಾಗ ಊಟವೊಂದನ್ನೇ ನೆಚ್ಚಬೇಡಿ. ದಿನಕ್ಕೆ 400 ಮೈಕ್ರೋಗ್ರಾಂ ಫೋಲಿಕ್ ಆಮ್ಲವನ್ನು ಒಂದು ತಿಂಗಳಾದರೂ ಮೊದಲೇ ಆರಂಭಿಸಿ, ಮೂರು ತಿಂಗಳು ತುಂಬುವತನಕ ಸೇವಿಸಬೇಕು. ಹಿಂದೆ ಅಂಥ ಮಗುವಾಗಿದ್ದರೆ ಪ್ರಮಾಣ ಹೆಚ್ಚು. ಅದನ್ನು ವೈದ್ಯರೇ ಹೇಳಬೇಕು. ರಕ್ತ, ಸಕ್ಕರೆ, ರಕ್ತದೊತ್ತಡಗಳನ್ನೂ ಆಗಲೇ ನೋಡಿಸಿ. ಸೋದರಮಾವನನ್ನೋ ಅತ್ತೆಯ ಮಗನನ್ನೋ ವರಿಸಿದವರು ಆ ನಂಟನ್ನೂ ವೈದ್ಯರಿಗೆ ತಿಳಿಸಲಿ. ಗಂಡನಾದವನು ಬೀಡಿಯನ್ನು ಬಿಡಬೇಕಾದುದೂ ಈ ತಿಂಗಳುಗಳಲ್ಲಿಯೇ.